ಗಾಜಿನೊಳಗಿನ ಗಂಟು

ಬಂದರಿನ ಪಕ್ಕದ ಆ ಪುಟ್ಟ ಮ್ಯೂಸಿಯಮ್ಮಿನಲ್ಲಿ ಇಲ್ಲದ್ದೇ ಇಲ್ಲ. ಜಾಡಿಯೊಳಗೆ ಎರಡು ಬಾಲದ ಮೀನು, ತಿಮಿಂಗಿಲದ ಕಿವಿಯ ಮೂಳೆ, ನಾಲಿಗೆ ಕಳೆದುಕೊಂಡ ಹಡಗಿನ ಗಂಟೆ, ಯಾರದೋ ಮರದ ಕಾಲು. ಕಿಟಕಿಯ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ಮುಷ್ಟಿ ಸೇರಿದಷ್ಟು ದಪ್ಪದ ಒಂದು ಹಗ್ಗದ ಗಂಟು. ದೋಣಿಗಳನ್ನು ಕಂಬಕ್ಕೆ ಬಿಗಿಯುತ್ತಿದ್ದವನೊಬ್ಬ ಬಿರುಗಾಳಿಯಲ್ಲಿ ಹಾಕಿದ್ದು. ದೋಣಿ ಉಳಿಯಿತು, ಬಿಗಿದವನು ಉಳಿಯಲಿಲ್ಲ. ಅಂಥ ಗಂಟು ಬಂದರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲವೆಂದು ದೋಣಿಯ ಯಜಮಾನ ಅದನ್ನು ಹಾಗೇ ಕತ್ತರಿಸಿ ಮ್ಯೂಸಿಯಮ್ಮಿಗೆ ಕೊಟ್ಟ. ಸತ್ತವನ ಹೆಂಡತಿಗೆ ಅಲ್ಲೇ ಟಿಕೆಟ್ ಹರಿಯುವ ಕೆಲಸ ಸಿಕ್ಕಿತು.

ಮನೆಯಲ್ಲೂ ಅವನು ಅದೇ ಗಂಟು ಹಾಕುತ್ತಿದ್ದ, ಬಟ್ಟೆ ಒಣಹಾಕುವ ಹಗ್ಗಕ್ಕೆ, ಹಿಟ್ಟಿನ ಚೀಲಕ್ಕೆ. "ಬಿಚ್ಚೋಕೆ ನಾನೇ ಬೇಕು. ಅದಕ್ಕಾದ್ರೂ ಕರೀತೀಯಲ್ಲ" ಎನ್ನುತ್ತಿದ್ದ. ಕಲಿಸುತ್ತೇನೆಂದು ಕೂತಾಗಲೆಲ್ಲ ಅವಳಿಗೆ ಒಲೆಯ ಮೇಲೆ ಏನಾದರೊಂದು ಇರುತ್ತಿತ್ತು. ಅವನು ಹೋದ ಮೇಲೆ ಮನೆಯ ಗಂಟುಗಳನ್ನೆಲ್ಲ ಕತ್ತರಿಸಿ ಬಿಸಾಡಿದಳು. ಆಗ ಅವಳ ತಲೆ ನೆಟ್ಟಗಿರಲಿಲ್ಲ. ಉಳಿದದ್ದು ಇದೊಂದೇ.

ಕಡಲಿನ ತೇವಕ್ಕೆ ಅದಕ್ಕೂ ಬೂಷ್ಟು ಹಿಡಿಯಿತು. ಏನಾದರೂ ಮಾಡಿ ಎಂದು ಮ್ಯೂಸಿಯಮ್ಮಿನ ಸಾಹೇಬರ ಬೆನ್ನು ಬಿದ್ದವಳು ಅವಳೇ. ಸಾಹೇಬರು ಒಳ್ಳೆಯವರು, ದುರಸ್ತಿಗೆ ಕಳಿಸಿದರು. ದುರಸ್ತಿ ಮಾಡುವಾಕೆ ಇನ್ನೂ ಒಳ್ಳೆಯವಳು. ಬೂಷ್ಟು ಒಳಗಿನಿಂದಲೇ ಬಂದಿದೆಯೆಂದು ಹಗ್ಗವನ್ನು ನೆನೆಹಾಕಿ, ಗಂಟು ಬಿಚ್ಚಿ, ಎಳೆ ಎಳೆಯಾಗಿ ತೊಳೆದು, ಒಣಗಿಸಿ, ಸುರುಳಿ ಸುತ್ತಿ ತಂದಳು.

"ಮೊದಲಿನ ಹಾಗೇ ಕಟ್ಟಿಬಿಡಿ ಅಕ್ಕಾ. ನಿಮ್ಮ ಮನೆಯವ್ರೇ ಹಾಕಿದ್ದಂತಲ್ವಾ, ನಿಮಗೆ ಗೊತ್ತಿರುತ್ತೆ."

ಅವಳು ಹೂಂ ಎಂದಳು.

ಬಿಚ್ಚುವ ಮುಂಚೆ ತೆಗೆದ ಫೋಟೊ ಒಂದಿತ್ತು. ಅದರಲ್ಲಿ ಗಂಟಿನ ಮುಖ ಮಾತ್ರ ಕಾಣುತ್ತಿತ್ತು. ಹಗ್ಗ ಹಿಂದಕ್ಕೆ ಹೋಗಿ ಏನು ಮಾಡುತ್ತದೆಂಬುದು ಅವನ ಕೈಗಷ್ಟೇ ಗೊತ್ತಿತ್ತು. ಬಂದರಿನ ಮುದುಕರಿಗೆ ತೋರಿಸಿದಳು. ಅವರು ಫೋಟೊವನ್ನೇ ತಿರುಗಿಸಿ ನೋಡಿ, ಹಿಂದೆ ಬರೀ ಬಿಳಿ ಇದೆಯಲ್ಲ ಎಂದರು. ಕೊನೆಗೆ ಏನೋ ಒಂದು ಸುತ್ತಿ, ತುದಿಗಳನ್ನು ಒಳಗೆ ತುರುಕಿದಳು. ಸಾಹೇಬರು ಪೆಟ್ಟಿಗೆಗೆ ಬೀಗ ಹಾಕಿದರು.

ಮರುದಿನ ಅತ್ತೆ ಬಂದರು. ಬಂದಾಗಲೆಲ್ಲ ಗಾಜಿಗೆ ಹಣೆ ತಾಗಿಸಿ ನಿಲ್ಲುತ್ತಿದ್ದರು, ಇವತ್ತೂ ನಿಂತರು. ಅವಳು ಟಿಕೆಟ್ ಪುಸ್ತಕ ಬಿಟ್ಟು ಹತ್ತಿರ ಬಂದಳು. ಹೆತ್ತವರಿಗೆ ಗೊತ್ತಾಗದೆ ಇರುತ್ತದೆಯೆ? ಗೊತ್ತಾಗಿ ಬೈದುಬಿಡಲಿ ಎಂದೂ ಅನ್ನಿಸಿತು.

ಅತ್ತೆ ಪಕ್ಕದಲ್ಲಿದ್ದ ಪ್ರವಾಸಿಯೊಬ್ಬನನ್ನು ಹತ್ತಿರ ಕರೆದರು. "ನನ್ನ ಮಗ ಹಾಕಿದ್ದು. ಎಂಥ ಬಿಗಿ ನೋಡಿ. ಇವತ್ತಿಗೂ ಯಾರ ಕೈಲೂ ಬಿಚ್ಚೋಕಾಗಿಲ್ಲ." ಆಮೇಲೆ ಇವಳ ಕಡೆ ತಿರುಗಿದರು. "ಅಲ್ವೇನೇ?"

"ಹೌದತ್ತೆ."

ಗಾಜಿನೊಳಗೆ, ತುರುಕಿದ್ದ ಒಂದು ತುದಿ ಮೆಲ್ಲಗೆ ಹೊರಬರುತ್ತಿತ್ತು. ಬೀಗದ ಕೈ ಸಾಹೇಬರ ಜೇಬಿನಲ್ಲಿ ಊಟಕ್ಕೆ ಹೋಗಿತ್ತು.