ಎಡಗಡೆ ಬರೆದದ್ದು

ಹಾಳೆಯ ನಡುವೆ ಸ್ಕೇಲಿಟ್ಟು ಉದ್ದಕ್ಕೆ ಒಂದು ಗೆರೆ ಎಳೆಯುತ್ತಿದ್ದೆ. ನನ್ನ ಬಳಿ ಬರುವವರ ಚಿಕಿತ್ಸೆ ಆ ಗೆರೆಯಿಂದಲೇ ಶುರುವಾಗುತ್ತಿತ್ತು. ಮನಸ್ಸನ್ನು ಹಿಂಡುವ ಯೋಚನೆ ನಿಜವೆನ್ನಲು ಇರುವ ಆಧಾರ ಎಡಕ್ಕೆ, ಅಲ್ಲವೆನ್ನಲು ಇರುವ ಆಧಾರ ಬಲಕ್ಕೆ. ಎರಡನ್ನೂ ತೂಗಿ ನೋಡಿದರೆ ಭಯ ತನ್ನ ಅಳತೆಗೆ ಇಳಿಯುತ್ತದೆ. ಮನೋಚಿಕಿತ್ಸೆಯಲ್ಲಿ ಸಿಬಿಟಿ ಎನ್ನುತ್ತಾರೆ ಇದಕ್ಕೆ. ಅದರ ಮೇಲೆ ನನಗೆ ಆಗಲೂ ನಂಬಿಕೆಯಿತ್ತು, ಈಗಲೂ ಇದೆ. ನಾಚಿಕೆ ನನ್ನ ಬಗ್ಗೆ ಮಾತ್ರ.

ದ್ಯಾಮಣ್ಣ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಐವತ್ತು ದಾಟಿತ್ತು. ಎದೆ ಹಿಡಿದಂತಾಗುತ್ತದೆ, ಊಟ ಸೇರುವುದಿಲ್ಲ ಎಂದು ಆಸ್ಪತ್ರೆಗೆ ಬಂದಿದ್ದರು. ಹೃದಯದಲ್ಲಿ ದೋಷ ಕಾಣದೆ, ಮನಸ್ಸಿನ ಒತ್ತಡವಿರಬೇಕೆಂದು ಡಾಕ್ಟರು ನನ್ನ ಕೋಣೆಗೆ ಕಳಿಸಿದರು.

"ಬಾಯ್ಲರ್ ಸಿಡೀತೈತಿ ಅನಸ್ತೈತ್ರಿ ಅಕ್ಕಾರ. ಬೆಳಗ್ಗಿಂದ ಸಂಜೀತನಕ ಅದ ಯೋಚನಿ."

"ಎಷ್ಟು ವರ್ಷದಿಂದ ಅಲ್ಲಿದ್ದೀರಿ?"

"ಇಪ್ಪತ್ತೆರಡು ಆತ್ರಿ."

"ಒಮ್ಮೆಯಾದರೂ ಸಿಡಿದಿದೆಯಾ?"

"ಇಲ್ರಿ."

"ಹಾಗಾದರೆ ಅದನ್ನು ಬಲಗಡೆ ಬರೆಯಿರಿ."

ಶಿಸ್ತಿನ ಮನುಷ್ಯ. ವಾರ ತಪ್ಪದೆ ನೋಟ್‌ಬುಕ್ ತರುತ್ತಿದ್ದರು. ಗೆರೆಯ ಎಡಗಡೆ ಒತ್ತೊತ್ತಾಗಿ, ತಾರೀಕು ಸಮೇತ: ಹಬೆ ಬಿಡುವ ವಾಲ್ವ್ ತಡವಾಗಿ ಎದ್ದಿತು, ಮೀಟರಿನ ಮುಳ್ಳು ಅಂಟಿಕೊಂಡಿತು, ಮ್ಯಾನೇಜರರಿಗೆ ಹೇಳಿದೆ, ನಕ್ಕರು. ನಾನು ಅದನ್ನು ಸರಿಯಾಗಿ ಓದಲಿಲ್ಲ. ಬಾಯ್ಲರಿನ ವಿಷಯ ನನಗೆ ತಿಳಿಯದು. ತಿಳಿಯದೆಂದು ಒಪ್ಪಿಕೊಂಡು ಕೇಳಲೂ ಇಲ್ಲ. ಬರಿದೇ ಕಣ್ಣಾಡಿಸಿ, ಬಲಗಡೆ ಕೆಂಪು ಪೆನ್ನಿನಲ್ಲಿ ಬರೆದೆ: ಇದು ಭಯ, ಸತ್ಯವಲ್ಲ.

ಎರಡು ತಿಂಗಳಲ್ಲಿ ಎದೆಯ ಹಿಡಿತ ಹೋಯಿತು. ಮ್ಯಾನೇಜರರಿಗೆ ಹೇಳುವುದನ್ನೂ ಅವರು ಬಿಟ್ಟಿದ್ದರು. ಚಿಕಿತ್ಸೆ ಮುಗಿದ ದಿನ ನೋಟ್‌ಬುಕ್ಕನ್ನು ನನ್ನಲ್ಲೇ ಬಿಟ್ಟು, ಕೈ ಮುಗಿದು ಹೋದರು. ವೈದ್ಯರ ಸಭೆಯೊಂದರಲ್ಲಿ, ಹೆಸರು ಮಾತ್ರ ಮರೆಮಾಚಿ, ಅವರ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಮೂರು ವಾರಕ್ಕೆ ಬಾಯ್ಲರ್ ಸಿಡಿಯಿತು. ಪಕ್ಕದ ಕಣದಲ್ಲಿ ಭತ್ತ ಹರವುತ್ತಿದ್ದ ಈರವ್ವನ ಕತ್ತು, ಬಲಗೈ ಹಬೆಗೆ ಬೆಂದವು. ಆಕೆಯನ್ನು ಎಳೆದು ಹೊರತಂದ ದ್ಯಾಮಣ್ಣನವರ ಅಂಗೈಗಳೂ ಸುಟ್ಟವು.

ಗಿರಣಿಯವರು ತಪ್ಪನ್ನು ಅವರ ತಲೆಗೇ ಕಟ್ಟಿದರು: ಮನೋರೋಗಿ, ಕೆಲಸದ ಮೇಲೆ ಗಮನವಿರಲಿಲ್ಲ, ಒಂದು ದಿನವೂ ದೂರು ಹೇಳಿದವನಲ್ಲ. ತನಿಖೆಗೆ ಬಂದ ಅಧಿಕಾರಿ ನನ್ನ ಕೋಣೆಗೂ ಬಂದು ಕೇಳಿದರು, "ನಿಮ್ಮ ಹತ್ತಿರ ಏನಾದರೂ ಹೇಳಿದ್ದರಾ?"

ನೋಟ್‌ಬುಕ್ ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರದ ಡ್ರಾಯರಿನಲ್ಲಿತ್ತು.

"ರೋಗಿಯ ಗುಟ್ಟು ಹೇಳುವಂತಿಲ್ಲ" ಎಂದೆ. ನಿಯಮವೇನೋ ನಿಜ. ಆದರೆ ನಾನು ಕಾಯುತ್ತಿದ್ದುದು ರೋಗಿಯ ಗುಟ್ಟನ್ನಲ್ಲ.

ಹನ್ನೊಂದು ದಿನ ಹಾಗೇ ಇದ್ದೆ. ಆಸ್ಪತ್ರೆಯಲ್ಲಿ ದ್ಯಾಮಣ್ಣ ಮಲಗಿದ್ದ ವಾರ್ಡನ್ನು ತಪ್ಪಿಸಲು ಹಿಂಬಾಗಿಲಿನಿಂದ ಓಡಾಡಿದೆ. ಹನ್ನೆರಡನೆಯ ದಿನ ಮನಸ್ಸು ಗಟ್ಟಿ ಮಾಡಿಕೊಂಡು ಅವರ ಮಂಚದ ಬಳಿ ನಿಂತೆ. ಎರಡೂ ಕೈಗಳಿಗೆ ದಪ್ಪ ಬಟ್ಟೆ ಸುತ್ತಿತ್ತು.

"ನಿಮ್ಮ ನೋಟ್‌ಬುಕ್ ಅಧಿಕಾರಿಗೆ ಕೊಡುತ್ತೇನೆ. ನೀವು ಒಪ್ಪಬೇಕು."

ಅವರು ಮೊಣಕೈ ಊರಿ ಎದ್ದು ಕೂತರು.

"ನಿಮಗ ತ್ರಾಸ ಆಗೂದಿಲ್ಲೇನ್ರಿ ಅಕ್ಕಾರ? ನಿಮ್ಮ ಅಕ್ಷರಾನೂ ಅದಾವಲ್ಲ ಅದರಾಗ. ಅದಕ್ಕ ನಾ ಸುಮ್ಮನಿದ್ದೆ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹನ್ನೊಂದು ದಿನ ನಾನು ನನ್ನನ್ನು ಉಳಿಸಿಕೊಳ್ಳುತ್ತಿದ್ದೆ; ಅವರೂ ನನ್ನನ್ನೇ ಉಳಿಸುತ್ತಿದ್ದರು.

ಅವರ ಒಪ್ಪಿಗೆ ಪಡೆದು ನೋಟ್‌ಬುಕ್ ಕೊಟ್ಟೆ. ವಿಚಾರಣೆಯ ದಿನ ಅಧಿಕಾರಿ ಎಡಗಡೆಯದನ್ನೂ ಬಲಗಡೆಯದನ್ನೂ ಗಟ್ಟಿಯಾಗಿ ಓದಿಸಿದರು. ದ್ಯಾಮಣ್ಣನವರ ಮೇಲಿನ ಆರೋಪ ಬಿದ್ದುಹೋಯಿತು. ಮ್ಯಾನೇಜರರು ತಲೆ ತಗ್ಗಿಸಿದರು. ನಾನೂ.

ಹೊರಗೆ ಬಂದಾಗ, ಒಳಗೆ ಓದಿದ್ದನ್ನೆಲ್ಲ ಕೇಳಿದ್ದ ಈರವ್ವ ಮೆಟ್ಟಿಲ ಮೇಲೆ ಕುಳಿತಿದ್ದಳು. ಜಾರಿದ ಸೆರಗನ್ನು ಕತ್ತಿನ ಗಾಯದ ಮೇಲೆ ಎಳೆದುಕೊಳ್ಳಲು ಎಡಗೈಯಲ್ಲಿ ಒದ್ದಾಡುತ್ತಿದ್ದಳು. ನಾನು ಬಗ್ಗಿ ಕೈ ಚಾಚಿದೆ.

"ಇರಲಿ ಬಿಡ್ರಿ" ಎಂದಳು.

ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಸ್ವಲ್ಪ ಸ್ವಲ್ಪವೇ, ತಾನೇ ಹೊದ್ದುಕೊಂಡಳು. ಅದು ಮುಗಿಯುವತನಕ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದೆ.