ದಿಬ್ಬದ ಮೇಲಿನ ತೂತು

ಆ ತೂತು ತಾನಾಗಿ ಬಿದ್ದದ್ದಲ್ಲ. ವೆಂಕಟ್ರಮಣ ಹೆಗಡೆಯವರು ಮಂಡಿಯೂರಿ, ಕನ್ನಡಕವನ್ನು ಹಣೆಗೇರಿಸಿ ನೋಡಿದಾಗ ಮೊದಲ ನೋಟಕ್ಕೇ ಅದು ಖಚಿತವಾಯಿತು. ಹೆಗ್ಗಣ ಕಡಿದಿದ್ದರೆ ಅಂಚು ಹರಕುಹರಕಾಗಿರುತ್ತಿತ್ತು. ದನ ತುಳಿದಿದ್ದರೆ ಪೈಪು ಉದ್ದಕ್ಕೆ ಸೀಳಿರುತ್ತಿತ್ತು. ಇದು ಕಪ್ಪು ಪೈಪಿನ ನೆತ್ತಿಯ ಮೇಲೆ ದುಂಡಗೆ, ಸಣ್ಣಗೆ, ಗುರಿಯಿಟ್ಟು ಮಾಡಿದ ತೂತು. ಅದರೊಳಗೆ ಒಂದು ಬಿದಿರಿನ ಕಡ್ಡಿ ಸಿಕ್ಕಿಸಿತ್ತು. ಕಡ್ಡಿಗೆ ಬಿಳಿಯ ನೂಲು ಸುತ್ತಿತ್ತು.

ಹೆಗಡೆಯವರು ಕಡ್ಡಿಯನ್ನು ಎಳೆದರು. ಒಳಗಿನಿಂದ ಹಾವು ಬುಸುಗುಟ್ಟಿದಂಥ ಸದ್ದು ಬಂತು. ಅದು ನಿಲ್ಲುವಷ್ಟರಲ್ಲಿ ನೀರು ಚಿಮ್ಮಿ ಮುಖ, ಕನ್ನಡಕ, ಅಂಗಿ ಎಲ್ಲವೂ ತೊಯ್ದವು. ಹೆಬ್ಬೆರಳಿನಿಂದ ತೂತನ್ನು ಅದುಮಿ ಹಿಡಿದು ಸುತ್ತಲೂ ನೋಡಿದರು. ಬೆಟ್ಟದಲ್ಲಿ ಒಣಗಿದ ಎಲೆಯ ಹೊರತು ಏನೂ ಅಲುಗುತ್ತಿರಲಿಲ್ಲ. ಆದರೂ ಯಾರೋ ಈಗಷ್ಟೇ ಎದ್ದುಹೋದಂತೆ ಅವರಿಗೆ ಅನ್ನಿಸಿತು. ಆ ಯಾರೋ ಎಂಬುವನಿಗೆ ಮನಸ್ಸಿನಲ್ಲಿ ಆಗಲೇ ಒಂದು ಹೆಸರಿತ್ತು: ಸುಭಾಷ.

ಹೆಗಡೆಯವರ ಮನೆ ಭೈರುಂಬೆಯಲ್ಲಿ. ಅಂಗಡಿ ಶಿರಸಿಯ ಬಸ್ ನಿಲ್ದಾಣದ ಸಮೀಪದಲ್ಲಿ. ಮೊಳೆ, ತಿರುಪು, ಬಣ್ಣ, ನಲ್ಲಿ, ಪೈಪು ಮಾರುವ ಹಾರ್ಡ್‌ವೇರ್ ಅಂಗಡಿ. ಹಾವಿನ ಹೆಜ್ಜೆ ಹಾವೇ ಬಲ್ಲದು ಎನ್ನುವಂತೆ ಕೆಲಸಗಾರರ ಒಳಗುಟ್ಟುಗಳೆಲ್ಲ ಅವರಿಗೆ ಅಂಗೈ ಮೇಲಿನ ಗೆರೆ. ಯಾವ ಬಣ್ಣದವನು ಡಬ್ಬಿಗೆ ಎಷ್ಟು ನೀರು ಬೆರೆಸುತ್ತಾನೆ, ಯಾವ ನಲ್ಲಿಯವನು ಮತ್ತೆ ಕರೆಯಲೆಂದೇ ಒಂದು ತಿರುಪನ್ನು ಸಡಿಲ ಬಿಟ್ಟು ಹೋಗುತ್ತಾನೆ ಎಂಬ ಕಥೆಗಳನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಗಿರಾಕಿಗಳಿಗೆ ಹೇಳುವುದು ಅವರ ಮಧ್ಯಾಹ್ನದ ಮನರಂಜನೆ. ಗಿರಾಕಿಯನ್ನು ಕರೆತಂದ ಕೆಲಸಗಾರನಿಗೆ ಕಮಿಷನ್ ಕೊಡುತ್ತಿದ್ದವರು ತಾವೇ ಎಂಬುದನ್ನು ಮಾತ್ರ ಆ ಕಥೆಗಳಲ್ಲಿ ಸೇರಿಸುತ್ತಿರಲಿಲ್ಲ.

ಶಿವರಾತ್ರಿ ಕಳೆಯುತ್ತಿದ್ದಂತೆ ಮನೆಯ ಬಾವಿ ತಳ ಕಂಡಿತ್ತು. ಎದುರಿನ ಬೆಟ್ಟದಲ್ಲಿ ಬೇಸಿಗೆಗೂ ಬತ್ತದ ಒರತೆಯೊಂದಿತ್ತು. ಅಲ್ಲಿಂದ ಪೈಪು ಎಳೆದರೆ ಪಂಪಿಲ್ಲದೆ ನೀರು ತಾನಾಗಿ ಇಳಿದು ಬರುತ್ತದೆ. ಇಸಳೂರಿನ ಸುಭಾಷ ನಾಯ್ಕ ಬಂದು ಜಾಗ ನೋಡಿದ್ದ. ಒರತೆಗೂ ಮನೆಗೂ ನಡುವೆ ಒಂದು ದಿಬ್ಬ. ಪೈಪನ್ನು ಅದರ ಮೇಲೆ ಹತ್ತಿಸಬಾರದು, ಸೊಂಟ ಬಳಸಿ ಸುತ್ತಿಕೊಂಡು ತರಬೇಕು ಎಂದು ಅವನು ಹೇಳಿದ. ಹೆಗಡೆಯವರಿಗೆ ಕೇಳಿಸಿದ್ದು ಒಂದೇ: ಸುತ್ತಿದಷ್ಟೂ ಪೈಪು ಹೆಚ್ಚು, ಪೈಪು ಹೆಚ್ಚಿದಷ್ಟೂ ಕಮಿಷನ್ ಹೆಚ್ಚು. ತಾವು ಕಲಿಸಿದ ವಿದ್ಯೆಯನ್ನು ತಮ್ಮ ಮೇಲೇ ಪ್ರಯೋಗಿಸುತ್ತಿದ್ದಾನೆ ಎಂದುಕೊಂಡು, ಕೆಲಸವನ್ನು ತಾವೇ ಮಾಡಿಕೊಳ್ಳುವುದಾಗಿ ಹೇಳಿಬಿಟ್ಟರು.

ಸುಭಾಷ ಸಿಟ್ಟಾಗಲಿಲ್ಲ. ಹೆಗಡೆಯವರ ಹೆಂಡತಿ ಜಯಕ್ಕ ಕೊಟ್ಟ ಚಹಾ ಮುಗಿಸಿ ಎದ್ದವನು ಒಂದೇ ಮಾತಾಡಿದ.

"ಆಗ್ಲಿ ಹೆಗಡೇರೆ, ನೀವೇ ಮಾಡಿ. ಆದ್ರೆ ನೀರು ನಿಮ್ಮ ಅಂಗಡಿ ಗಿರಾಕಿ ಅಲ್ಲ, ಹೇಳ್ದಲ್ಲಿ ಹೋಗೂಕೆ. ನೋಡುವ."

ಆ 'ನೋಡುವ' ಎಂಬ ಪದ ಈಗ ದಿಬ್ಬದ ಮೇಲೆ, ಹೆಬ್ಬೆರಳಿನ ಕೆಳಗೆ ಮಿಡಿಯುತ್ತಿತ್ತು.

ಹೆಗಡೆಯವರು ಪೈಪನ್ನು ದಿಬ್ಬದ ನೆತ್ತಿಯ ಮೇಲೇ ಹಾಯಿಸಿ ನೇರವಾಗಿ ಮನೆಗೆ ತಂದಿದ್ದರು. ನೀರೂ ಬಂದಿತ್ತು. ಆ ಸಾಹಸವನ್ನು ಅಂಗಡಿಗೆ ಬಂದವರೆಲ್ಲ ಕೇಳಿಯಾಗಿತ್ತು. ಆಮೇಲೆ ನಲ್ಲಿಯ ಧಾರೆ ಒಮ್ಮೆ ದಪ್ಪ, ಒಮ್ಮೆ ಸಣ್ಣ ಆಗತೊಡಗಿತು. ಜಯಕ್ಕ, "ಅಪ್ಪನ ಮನೆ ಕಡೆ ಇಂಥದ್ದಕ್ಕೆ..." ಎಂದು ಏನೋ ಹೇಳಲು ಹೊರಟಿದ್ದರು. ಹೆಗಡೆಯವರು ನಡುವೆಯೇ ತಡೆದು, ಸುಭಾಷ ಏನಾದರೂ ಮನೆಗೆ ಬಂದಿದ್ದನೇ ಎಂದು ಕೇಳಿದ್ದರು. ಜಯಕ್ಕ ಮಾತು ನಿಲ್ಲಿಸಿ ಒಳಗೆ ಹೋಗಿದ್ದರು.

ಬೇರೆ ಸಮಯವಾಗಿದ್ದರೆ ಧಾರೆ ದಪ್ಪವೋ ಸಣ್ಣವೋ ಎಂದು ಯಾರು ತಲೆ ಕೆಡಿಸಿಕೊಳ್ಳುತ್ತಿದ್ದರು? ಆದರೆ ಮಗಳು ಸ್ಫೂರ್ತಿ ಶಿರಸಿಯ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ಶುಕ್ರವಾರ ಕೂಸಿನೊಂದಿಗೆ ತವರಿಗೆ ಬರುವವಳು. ಬಾಣಂತನವೆಂದರೆ ನೀರಿನದೇ ಕಾರುಬಾರು: ದಿನವೂ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು, ಕೂಸಿಗೆ ಬೇರೆ, ಬಟ್ಟೆಗೆ ಬೇರೆ. ನೀರಿಲ್ಲವೆಂದು ಮಗಳನ್ನು ಬೀಗರ ಮನೆಗೆ ಕಳಿಸುವ ಪ್ರಸಂಗ ಬಂದರೆ ನೆಂಟರಿಷ್ಟರ ನಡುವೆ ತಲೆಯೆತ್ತುವಂತಿರಲಿಲ್ಲ.

ಹೆಗಡೆಯವರು ಸೈಕಲ್ ಟ್ಯೂಬಿನ ರಬ್ಬರನ್ನು ತಂದು ತೂತಿಗೆ ಬಿಗಿಯಾಗಿ ಸುತ್ತಿದರು. ಕಡ್ಡಿಯನ್ನು ಸಾಕ್ಷಿಯೆಂದು ಜೇಬಿಗೆ ಹಾಕಿಕೊಂಡರು. ನಲ್ಲಿಯ ತಿರುಪಿಗೆ ನೂಲು ಸುತ್ತಿ ಕೂರಿಸುವವರು ಯಾರು? ನಲ್ಲಿ ಕೆಲಸದವರು. ಆ ನೂಲನ್ನು ಮಾರುವವರೇ ತಾವು. ಇನ್ನೇನು ಪುರಾವೆ ಬೇಕು?

ಮರುದಿನ ಬೆಳಿಗ್ಗೆ ನಲ್ಲಿ ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ಸಂಜೆ ಅಂಗಡಿಯಿಂದ ಮರಳಿದರೆ ನೀರು ಸುರಿಯುತ್ತಿದೆ! ಹೆಗಡೆಯವರಿಗೆ ಸಂತೋಷವಾಗಲಿಲ್ಲ. ಬೆಟ್ಟ ಹತ್ತಿ ನೋಡಿದರು. ಟ್ಯೂಬಿನ ರಬ್ಬರನ್ನು ಯಾರೂ ಹರಿದಿರಲಿಲ್ಲ. ಬಿಚ್ಚಿ, ಅಚ್ಚುಕಟ್ಟಾಗಿ ಮಡಚಿ, ಗಾಳಿಗೆ ಹಾರದಂತೆ ಕಲ್ಲಿನ ಅಡಿಯಲ್ಲಿಟ್ಟಿದ್ದರು. ತೂತಿನಲ್ಲಿ ಹೊಸ ಕಡ್ಡಿ. ಹೊಸ ನೂಲು.

ಎಂಥ ಸೊಕ್ಕು! ಕಳ್ಳ ಬಂದು ಬಾಗಿಲು ಮುರಿದು, ಹೋಗುವಾಗ ಅಂಗಳ ಗುಡಿಸಿಟ್ಟಂತೆ. ಈಗ ಆಟ ಪೂರ್ತಿ ಅರ್ಥವಾಯಿತು. ನೀರು ನಿಲ್ಲಿಸುವವನೂ ಅವನೇ, ಬಿಡುವವನೂ ಅವನೇ. ಹೀಗೆ ಆಡಿಸಿ ಆಡಿಸಿ, ಬಾಣಂತಿ ಮನೆಗೆ ಬರುವ ಹೊತ್ತಿಗೆ ಹೆಗಡೆ ತಾನಾಗಿ ಬಂದು ಕಾಲು ಹಿಡಿಯಲಿ ಎಂಬ ಹಂಚಿಕೆ.

ಈ ಸಂಶಯವನ್ನು ಹೆಂಡತಿಗೆ ಹೇಳಲಿಲ್ಲ. ಸುಭಾಷ ಬಂದಾಗಲೆಲ್ಲ ಜಯಕ್ಕ ಚಹಾದ ಜತೆ ಸಿಹಿ ತೊಡದೇವನ್ನೂ ಕೊಡುತ್ತಿದ್ದರು. ಆ ಕಡೆಗೆ ಸುದ್ದಿ ಸೋರಬಹುದು. ಆದರೆ ಅಂಗಡಿಯಲ್ಲಿ ಹೇಳದಿರಲು ಆಗಲಿಲ್ಲ. ಮೊದಲು ಹೆಸರಿಲ್ಲದೆ ಹೇಳಿದರು. ಗಿರಾಕಿಗಳು ಕೆದಕಿದಾಗ ಹೆಸರನ್ನೂ ಹೇಳಿದರು. ಇಸಳೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದವರೊಬ್ಬರು ಹುಬ್ಬೇರಿಸಿ ಕೇಳಿಸಿಕೊಂಡು ಹೋದರು. ಹೆಗಡೆಯವರು ಮನೆಗೆ ಬಂದು, ತೂತಿದ್ದ ತುಂಡನ್ನೇ ಕತ್ತರಿಸಿ ಎಸೆದು, ಎರಡೂ ತುದಿಗಳಿಗೆ ಗಟ್ಟಿ ಜೋಡಣೆ ಹಾಕಿದರು.

ನೀರು ಸಂಪೂರ್ಣ ನಿಂತಿತು.

ಬಾಣಂತಿಗೆ ನೀರು ಹೊಯ್ಯಲು ಗೊತ್ತುಮಾಡಿದ್ದ ಸುಬ್ಬಿ ಅಂದು ಬಚ್ಚಲು ನೋಡಲು ಬಂದಿದ್ದಳು. ಒಣಗಿದ ಹಂಡೆಯೊಳಗೆ ಬಗ್ಗಿ ನೋಡಿ ಕೇಳಿದಳು:

"ಹೆಗಡೇರೆ, ಬಾಣಂತಿ ಮೀಸೂಕೆ ಕರ್ದದ್ದೋ, ಒರೆಸೂಕೆ ಕರ್ದದ್ದೋ?"

ಒಳಗಿನಿಂದ ಜಯಕ್ಕನ ನಗು ಕೇಳಿಸಿತು. ಹೆಗಡೆಯವರು ನಗಲಿಲ್ಲ. ಸುಭಾಷ ಇವತ್ತು ಮತ್ತೆ ಬರುತ್ತಾನೆ, ಬಂದೇ ಬರುತ್ತಾನೆ ಎಂದು ಲೆಕ್ಕ ಹಾಕಿದರು. ಅಂಗಡಿಗೆ ಹೋಗುವವರಂತೆ ಮೊಪೆಡ್ ಏರಿ ಹೊರಟು, ತಿರುವಿನಲ್ಲಿ ಅದನ್ನು ನಿಲ್ಲಿಸಿ, ಬಳಸುದಾರಿಯಿಂದ ಬೆಟ್ಟ ಹತ್ತಿದರು. ಸಪ್ಪಳವಾಗದಿರಲೆಂದು ಚಪ್ಪಲಿಯನ್ನು ದಿಬ್ಬದ ಬುಡದಲ್ಲೇ ಬಿಟ್ಟರು. ಕೈಯಲ್ಲಿ ಪೈಪು ತಿರುಗಿಸುವ ದೊಡ್ಡ ಪಾನಾ. ಕೌಳಿ ಮಟ್ಟಿಯ ದಟ್ಟ ಪೊದೆಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತರು.

ಬಿಸಿಲು ನೆತ್ತಿಗೇರಿತು. ಮಟ್ಟಿಯಲ್ಲಿ ಚಗಳಿ ಗೂಡಿತ್ತೆಂಬುದು ಕುಳಿತ ಮೇಲೆ ತಿಳಿಯಿತು. ಕೆಂಪಿರುವೆ ಒಂದು ಕುತ್ತಿಗೆಯನ್ನು ಕಚ್ಚಿತು, ಇನ್ನೊಂದು ಪಂಚೆಯೊಳಗೆ ದಾರಿ ಹುಡುಕಿತು. ಅಲುಗುವಂತಿಲ್ಲ, ಕೊಡವುವಂತಿಲ್ಲ. ಅಷ್ಟರಲ್ಲಿ ಉದುರಿದ ದರಕೆಲೆ ತುಳಿಯುವ ಸದ್ದು. ನಿಂತಿತು. ಮತ್ತೆ ಹತ್ತಿರವಾಯಿತು. ಹೆಗಡೆಯವರು ಪಾನಾ ಬಿಗಿಹಿಡಿದರು. ಎಲೆಗಳ ಸಂದಿನಲ್ಲಿ ಮೊದಲು ಕಂಡದ್ದು ಹೊಗೆ. ಪೈಪನ್ನೇ ಸುಡಲು ಬಂದನೇ? ಹೊಗೆಯ ಹಿಂದೆ ಕೆಂಡ ತುಂಬಿದ ತೆಂಗಿನ ಕರಟ, ಕರಟ ಹಿಡಿದ ಕೈ, ಕೈಯಲ್ಲಿ ಹಸಿರು ಗಾಜಿನ ಬಳೆ.

ಜಯಕ್ಕ ಪೈಪಿನ ಪಕ್ಕದಲ್ಲಿ ಕುಳಿತರು. ಕೆಂಡದಲ್ಲಿ ಹುಗಿದಿದ್ದ ಗೋಣಿ ಹೊಲಿಯುವ ದಬ್ಬಣವನ್ನು ಚಿಂದಿಯಿಂದ ಹಿಡಿದೆತ್ತಿ, ಹೊಸ ಜೋಡಣೆಯ ಪಕ್ಕದಲ್ಲಿ ಪೈಪಿನ ನೆತ್ತಿಗೆ ಒತ್ತಿದರು. ಗಾಳಿ ಬುಸ್ಸೆಂದು ಹೊರಟಿತು. ಅದು ಮುಗಿದು ನೀರು ಚಿಮ್ಮಿದೊಡನೆ ಸೊಂಟದಿಂದ ಕಡ್ಡಿ ತೆಗೆದು ಸಿಕ್ಕಿಸಿದರು. ಕಡ್ಡಿಗೆ ಸುತ್ತಿದ್ದು ನಲ್ಲಿಯ ನೂಲಲ್ಲ. ದೇವರ ದೀಪಕ್ಕೆ ಅವರೇ ಹೊಸೆದ ಬತ್ತಿ.

ತಲೆಯೆತ್ತದೆಯೇ ಅವರು ಹೇಳಿದರು:

"ಚಗಳಿ ಕಚ್ತಾ ಇಲ್ಯಾ? ಹೊರಗೆ ಬನ್ನಿ. ಚಪ್ಪಲಿ ಕೆಳಗೇ ಕಂಡಿದೆ."

ಹೆಗಡೆಯವರು ಮಟ್ಟಿಯಿಂದ ಎದ್ದು ಬಂದರು. ಕೈಯ ಪಾನಾವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

"ದಿಬ್ಬದ ಮೇಲೆ ಗಾಳಿ ಕೂತ್ರೆ ನೀರು ದಾಟ್ತಿಲ್ಲೆ," ಎಂದರು ಜಯಕ್ಕ. "ಸಿದ್ದಾಪುರದಲ್ಲಿ ನಮ್ಮ ಅಪ್ಪನ ಮನೆ ಪೈಪಿಗೂ ಹಿಂಗೇ ಕಡ್ಡಿ ಇದ್ದು. ದಿನಾ ಒಂದ್ಸಲ ಎಳೆದು ಗಾಳಿ ಬಿಡ್ಬೇಕು."

"ಎಂತಕ್ಕೆ ಹೇಳಿದ್ದಿಲ್ಲೆ?"

"ಹೇಳಲೆ ಹೊರಟಿದ್ದೆ. ಸುಭಾಷ ಬಂದಿದ್ನಾ ಹೇಳಿ ಕೇಳಿದ್ರಿ." ದಬ್ಬಣವನ್ನು ಮಣ್ಣಿಗೆ ಚುಚ್ಚಿ ಆರಿಸುತ್ತ ಅವರು ಗಂಡನ ಕೈಯನ್ನು ನೋಡಿದರು. "ಪಾನಾ ಯಾರಿಗೆ?"

ಹೆಗಡೆಯವರು ಹೆಸರು ಹೇಳಿದರು. ಜಯಕ್ಕನ ಮುಖದ ನಗು ಹೋಯಿತು. ಅಂಗಡಿಯಲ್ಲೂ ಇದನ್ನು ಹೇಳಿದ್ದೀರಾ ಎಂದು ಕೇಳಿದರು. ಹೆಗಡೆಯವರು ಪಾನಾವನ್ನು ಬೆನ್ನ ಹಿಂದೆ ಸರಿಸಿದರು. ಅಷ್ಟು ಸಾಕಾಯಿತು. ಜಯಕ್ಕ ಎದ್ದು ಸೆರಗು ಕೊಡವಿಕೊಂಡು, ಇನ್ನು ತಾವು ಬಾಣಂತಿಯ ಕೋಣೆ ಬಿಟ್ಟು ಕದಲುವಂತಿಲ್ಲ, ಕಡ್ಡಿ ಎಳೆಯಲು ಬೆಟ್ಟ ಹತ್ತುವವರು ಯಾರೂ ಇಲ್ಲ, ಶುಕ್ರವಾರದ ಒಳಗೆ ಪೈಪು ದಿಬ್ಬವನ್ನು ಬಳಸಿ ಬರಬೇಕು, ಅದನ್ನು ಯಾರ ಕೈಯಲ್ಲಿ ಮಾಡಿಸಬೇಕೆಂಬುದು ನಿಮಗೇ ಗೊತ್ತಿದೆ ಎಂದು ಹೇಳಿ ಇಳಿದುಹೋದರು.

ಹೆಗಡೆಯವರು ಮೊದಲು ಬೇರೆಯವರನ್ನೇ ಕೇಳಿ ನೋಡಿದರು. ಒಬ್ಬನಿಗೆ ಜ್ವರ. ಇನ್ನೊಬ್ಬನಿಗೆ ಯಲ್ಲಾಪುರದಲ್ಲಿ ಕೆಲಸ. ಮತ್ತೊಬ್ಬ ನೆಪವನ್ನೂ ಹೇಳದೆ, ನಿಮ್ಮ ಪೈಪು ಮುಟ್ಟಲು ಹೆದರಿಕೆಯಾಗುತ್ತದೆ ಎಂದು ನಕ್ಕ. ಸುದ್ದಿ ಅವರಿಗಿಂತ ಮುಂಚೆ ಎಲ್ಲ ಕಡೆಗೂ ಹೋಗಿ ಬಂದಿತ್ತು. ಕೊನೆಗೆ ಇಸಳೂರಿಗೇ ಹೋಗಬೇಕಾಯಿತು.

ಸುಭಾಷ ಜಗುಲಿಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ. ಹೊಸ ಮನೆಯವರು ಅವನನ್ನು ಬಿಡಿಸಿದ್ದರು. ಹೆಗಡೆಯವರು ತಡವರಿಸುತ್ತ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅವನು ಅವರ ಕಣ್ಣನ್ನೇ ನೋಡುತ್ತಿದ್ದ, ಖೋಟಾ ನೋಟನ್ನು ಬೆಳಕಿಗೆ ಹಿಡಿದವನಂತೆ.

"ಬಾಣಂತಿ ಮನೆ ಕೆಲಸ, ಒಲ್ಲೆ ಅನ್ನೂಕೆ ಆಗೂದಿಲ್ಲ," ಎಂದ. "ಆದ್ರೆ ಜಯಕ್ಕ ಕೆಲಸ ಮುಗ್ಯೂವರೆಗೂ ಬದಿಗೇ ನಿಂತಿರ್ಬೇಕು. ನಾಳೆ ಇನ್ನೊಂದು ತೂತು ಕಂಡ್ರೆ ನನ್ನ ಹೆಸರು ಬರೂದು ಬೇಡ. ಪೈಪು ನಾನೇ ತರ್ತೆ. ನಿಮ್ಮ ಅಂಗಡೀದು ಬೇಡ."

"ಎಂತಕ್ಕೆ ಬೇಡ ಮಾರಾಯಾ?"

"ನಿಮ್ಮಲ್ಲಿ ತಂದ್ರೆ, ಕಮಿಷನ್ ಸಲುವಾಗಿ ಸುತ್ತಿಸ್ದೆ ಅಂತ ನಾಳೆ ನೀವೇ ಹೇಳ್ತ್ರಿ."

ಗುರುವಾರ ಬೆಳಿಗ್ಗೆ ಶಿರಸಿಯ ಪೇಟೆ ನೋಡಿದ ದೃಶ್ಯವಿದು: ಹೆಗಡೆಯವರ ಅಂಗಡಿಯ ನೇರ ಎದುರಿಗಿರುವ ಅಂಗಡಿಯಿಂದ ಸುಭಾಷ ಕಪ್ಪು ಪೈಪಿನ ದೊಡ್ಡ ಸುರುಳಿಯನ್ನು ಹೊತ್ತು ತಂದ. ಆ ಅಂಗಡಿಯ ಹೆಸರಿನ ಹಳದಿ ಚೀಟಿ ಸುರುಳಿಯ ಮೇಲೆ ಎದ್ದು ಕಾಣುತ್ತಿತ್ತು. ಅದನ್ನು ಭೈರುಂಬೆ ಬಸ್ಸಿನ ತಲೆಯ ಮೇಲೇರಿಸಿ, ಯಾರ ಮನೆಗೆ ಎಂದು ಕಂಡಕ್ಟರ್ ಕೂಗಿ ಕೇಳಿದಾಗ, ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟ.

ಸಂಜೆಯ ಹೊತ್ತಿಗೆ ಪೈಪು ದಿಬ್ಬದ ಸೊಂಟ ಬಳಸಿ ಮನೆಗಿಳಿದಿತ್ತು. ಜಯಕ್ಕ ಪಕ್ಕದಲ್ಲೇ ನಿಂತಿದ್ದರು. ಸುಭಾಷ ಪ್ರತಿ ಜೋಡಣೆಯನ್ನೂ ಅವರಿಗೆ ಮುಟ್ಟಿಸಿ, ನೋಡಿಕೊಳ್ಳಿ ಎಂದು ಹೇಳಿಯೇ ಮುಂದಿನದಕ್ಕೆ ಹೋದ. ಚಹಾ ಕೊಟ್ಟರೆ, ಇವತ್ತು ಬೇಡ ಅಕ್ಕಾ ಎಂದ. ಶುಕ್ರವಾರ ಸ್ಫೂರ್ತಿ ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತುವಾಗ ಹಂಡೆ ತುಂಬಿ ತುಳುಕುತ್ತಿತ್ತು. ಸುಬ್ಬಿ ಸೆರಗು ಸಿಕ್ಕಿಸಿ ಬಚ್ಚಲೊಲೆಗೆ ಕಟ್ಟಿಗೆ ತುರುಕುತ್ತಿದ್ದಳು.

ಹೆಗಡೆಯವರ ಸಂಕಟ ಆರಂಭವಾದದ್ದು ಶನಿವಾರ, ಅಂಗಡಿಯ ಬಾಗಿಲು ತೆರೆದ ಮೇಲೆ. ಪೈಪಿಗೆಂದು ಬಂದ ಮೊದಲ ಗಿರಾಕಿ ಸುರುಳಿಯನ್ನು ಚಿವುಟಿ ನೋಡಿ, ನಿಮ್ಮ ಮನೆಗೇ ನಿಮ್ಮ ಮಾಲು ಹಾಕಲಿಲ್ಲವಂತಲ್ಲ ಎಂದು ಕೇಳಿದ. ಎರಡನೆಯವನು ಕೇಳಲೂ ಇಲ್ಲ. ನೇರವಾಗಿ ಎದುರಿನ ಅಂಗಡಿ ಹತ್ತಿದ. ಮೂರನೆಯವರು ಇಸಳೂರಿನ ಹೊಸ ಮನೆಯ ಯಜಮಾನರು.

ಹೆಗಡೆಯವರಿಗೆ ಉಳಿದದ್ದು ಎರಡೇ ದಾರಿ. ಅವರ ಪೈಪು ಕೆಟ್ಟದ್ದಾಗಿರಬೇಕು, ಇಲ್ಲವೇ ಅವರ ಮಾತು ಸುಳ್ಳಾಗಿರಬೇಕು. ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, ಪೈಪು ಚೆನ್ನಾಗಿಯೇ ಇತ್ತು, ಸುಭಾಷ ಅದನ್ನು ಮುಟ್ಟಿರಲಿಲ್ಲ, ಪೈಪನ್ನು ದಿಬ್ಬದ ಮೇಲೆ ಎಳೆದ ತಪ್ಪು ತಮ್ಮದು, ಅವನ ಹೆಸರು ಕೆಡಿಸಿದ್ದೂ ತಾವೇ ಎಂದು ಹೇಳಿದರು.

ಯಜಮಾನರು ತಲೆದೂಗುತ್ತ ಕೇಳಿಸಿಕೊಂಡರು. ಸುಭಾಷನನ್ನು ಸೋಮವಾರವೇ ಮತ್ತೆ ಕರೆಸುವುದಾಗಿ ಹೇಳಿದರು. ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

"ಹಂಗಾರೆ ಆ ತೂತು ಮಾಡ್ದವ್ರು ಯಾರು?"

"ನಮ್ಮನೆಯವಳೇ," ಎಂದರು ಹೆಗಡೆಯವರು. ತಾವು ಅಂಗಡಿಯಲ್ಲಿರುವಾಗ, ತಮಗೆ ಗೊತ್ತಾಗದಂತೆ ದಿನಾ ಮಧ್ಯಾಹ್ನ ಬೆಟ್ಟ ಹತ್ತಿ ಪೈಪಿನ ಗಾಳಿ ಬಿಟ್ಟು ಬರುತ್ತಿದ್ದಳೆಂದು ವಿವರಿಸಿದರು.

ಯಜಮಾನರು ಹಿಂದಿರುಗಿ ಬಂದು, ಸ್ಟೂಲನ್ನು ಸದ್ದಾಗದಂತೆ ಹತ್ತಿರಕ್ಕೆಳೆದು ಕುಳಿತರು. ಸ್ವರ ತಗ್ಗಿಸಿದರು.

"ಅಲ್ಲ ಹೆಗಡೇರೆ, ನಿಮ್ಮ ಕಣ್ಣು ತಪ್ಪಿಸಿ ಅಂತೀರಿ, ದಿನಾ ಮಧ್ಯಾಹ್ನ ಅಂತೀರಿ. ಬರೀ ಗಾಳಿ ಬಿಡೂಕೇ ಹೋಗ್ತಿದ್ರು ಅಂತ ನಿಮಗೆ ಗ್ಯಾರಂಟಿ ಉಂಟಾ?"