ಡೀನರಿಗೆ ಕೊಟ್ಟ ಅರ್ಧ ದಾರಿ

ತಲೆಮಾರುಗಳಿಂದ ವಿದ್ಯಾರ್ಥಿಗಳ ಬೆನ್ನು ಮುರಿಯುತ್ತಿದ್ದ ಬೆಂಚುಗಳನ್ನು ಕೀಳಿಸಿ, ಚಕ್ರದ ಕುರ್ಚಿಗಳನ್ನು ದುಂಡಗೆ ಜೋಡಿಸಿದ ದಿನ ಅರ್ಥಶಾಸ್ತ್ರದ ಡಾಕ್ಟರ್ ಸೆರ್ವಾ ಅವರ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹುಡುಗರು ಎದುರುಬದುರು ಕೂತು, ವಾದಿಸಿ, ಕೂಡಿ ಕಲಿಯಬೇಕೆಂಬುದು ಅವರ ಹಟ. ವರ್ಷಗಟ್ಟಲೆ ಕಾಡಿಬೇಡಿದ್ದಕ್ಕೆ ಈ ಒಂದು ಕೋಣೆ ಸಿಕ್ಕಿತ್ತು. ಅದೂ ಕೈತಪ್ಪಿದರೆ ಮತ್ತೆ ಅದೇ ಬೆಂಚು, ಅದೇ ತೂಕಡಿಕೆ.

ಆದರೆ ಆ ಕಾಲೇಜಿದ್ದ ಅಸಾಂಟೆ ಸೀಮೆಯಲ್ಲಿ ಜನ ದುಂಡಗೆ ಕೂತರೆ ಅದು ತರಗತಿಯಲ್ಲ, ಸಭೆ. ಸಭೆಗೆ ಬಂದವನು ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈಯನ್ನೂ ಕುಲುಕದೆ ಕೂತರೆ ಹೆತ್ತವಳ ಮಾನ ಹೋಯಿತೆಂದೇ ಲೆಕ್ಕ. ಬೆಂಚಿನ ಕಾಲದಲ್ಲಿ ತಡವಾಗಿ ಬಂದವರು ಕಳ್ಳಬೆಕ್ಕಿನಂತೆ ಹಿಂದಿನ ಸಾಲಿಗೆ ನುಸುಳುತ್ತಿದ್ದರು. ಈಗ ಪ್ರತಿಯೊಬ್ಬರೂ ಇಡೀ ಸುತ್ತು ಹಾಕತೊಡಗಿದರು. ಸಮಯಕ್ಕೆ ಸರಿಯಾಗಿ ಬರುವವರೋ ಬೆರಳೆಣಿಕೆಯಷ್ಟು. ಗಂಟೆ ಮುಗಿದರೂ ಪಾಠ ಶುರುವಾಗುತ್ತಿರಲಿಲ್ಲ.

"ಸುಮ್ನೆ ಬಂದು ಕೂತ್ಕೊಳ್ರೋ!" ಎಂದು ಸೆರ್ವಾ ಗದರಿದರು.

"ಹೆಂಗ್ ಕೂರೋದು ಮೇಡಂ? ಮೇಕೆ ಥರ ನುಗ್ಗಿದ್ರು ಅಂತ ಆಡ್ಕೊಳಲ್ವಾ?" ಎಂದಳು ಅಂತ್ವಿವಾ. ತರಗತಿಯಲ್ಲೇ ಬಾಯಿ ಜೋರಿನ ಹುಡುಗಿ. ಅವಳ ಅಜ್ಜ ಊರ ಮುಖ್ಯಸ್ಥರ ಪರವಾಗಿ ಸಭೆಯಲ್ಲಿ ಮಾತಾಡುವವರು.

ಸುದ್ದಿ ಡೀನ್ ಒಡುರೊ ಅವರ ಕಿವಿಗೆ ಬಿತ್ತು. ವೇದಿಕೆ ಹತ್ತಿ ತಮ್ಮದೇ ದನಿ ಕೇಳಿ ಸುಖಿಸುವ ಆ ಮಹಾನುಭಾವರಿಗೆ ಬೆಂಚು ಕಿತ್ತ ದಿನದಿಂದಲೂ ಹೊಟ್ಟೆಯುರಿ.

"ನಾಳೆ ನಾನೇ ಬಂದು ಹುಡುಗ್ರ ಎದುರಿಗೇ ಹೇಳ್ತೀನಿ. ಸೋಮವಾರ ಬೆಂಚು ವಾಪಸ್!" ಎಂದರು.

ಸೆರ್ವಾಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಡೀನರ ಟೈ ಹಿಡಿದು ಜಗ್ಗಬೇಕೆನ್ನಿಸಿತು.

ಮರುದಿನ ಡೀನರು ಧಡಾರನೆ ಬಾಗಿಲು ತಳ್ಳಿದರು. ದುಂಡಗೆ ಕೂತ ನಲವತ್ತು ಮುಖಗಳು ಅವರತ್ತ ತಿರುಗಿದವು. ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿದರು. ಅವರೂ ಅಸಾಂಟೆ ತಾಯಿಯ ಮಗನೇ ತಾನೆ! ಗೊಣಗುತ್ತ ಬಲಗಡೆಯಿಂದ ಕೈಕುಲುಕತೊಡಗಿದರು. ಸುತ್ತು ಮುಗಿಸಿ ಏದುಸಿರು ಬಿಡುತ್ತ ಖಾಲಿ ಕುರ್ಚಿಯಲ್ಲಿ ಕುಸಿದರೆ, ಅದು ಅವರನ್ನು ಹೊತ್ತು ಹಿಂದಕ್ಕೆ ಓಡಿತು. ಇಬ್ಬರು ಹಿಡಿದು ನಿಲ್ಲಿಸಿದರು.

ಅಂತ್ವಿವಾ ನೀರು ಕೊಟ್ಟಳು. ಅವರು ಕುಡಿದು ಮುಗಿಸಿದ ಮೇಲೆ ಥೇಟ್ ಅಜ್ಜನ ಗತ್ತಿನಲ್ಲಿ ಕೇಳಿದಳು: "ಇಲ್ಲಿ ನಾವೆಲ್ಲ ಚೆನ್ನಾಗಿದೀವಿ, ಹಿರಿಯರೇ. ದಾರಿ ನಡೆದು ಬಂದೋರು ನೀವು. ಏನು ಬಂದ ಕಾರಣ?"

ಹಾಗೆ ಕೇಳಿದಾಗ ಅಲ್ಲಿ ಯಾರೇ ಆದರೂ ಮೊದಲು ಹೇಳುವ ಮಾತು ಒಂದೇ.

"ಕೆಟ್ಟದ್ದೇನೂ ತಂದಿಲ್ಲ," ಎಂದುಬಿಟ್ಟರು ಡೀನರು. ಮರುಕ್ಷಣ ನಾಲಿಗೆ ಕಚ್ಚಿಕೊಂಡರು.

"ಕೇಳಿದ್ರೇನ್ರಪ್ಪಾ? ಕೆಟ್ಟದ್ದೇನೂ ತಂದಿಲ್ವಂತೆ!" ಎಂದು ಅಂತ್ವಿವಾ ಸಾರಿದಳು. ಚಪ್ಪಾಳೆ ಬಿತ್ತು. ಸೆರ್ವಾ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

ಇಷ್ಟು ಜನರ ಮುಂದೆ ಆಡಿದ ಮಾತು ನುಂಗುವುದು ಹೇಗೆ? ಡೀನರು ಕೂತೇ ಇದ್ದರು. ಪಕ್ಕದ ಹುಡುಗನ ಲೆಕ್ಕ ತಪ್ಪೆಂದು ಜಗಳಕ್ಕಿಳಿದರು, ಸೋತರು, ಇನ್ನೊಂದು ಲೆಕ್ಕಕ್ಕೆ ಮತ್ತೆ ತೋಳೇರಿಸಿದರು. ಗಂಟೆ ಹೊಡೆದಾಗ ಎದ್ದು, ಹೊರಡುವವರು ಅಪ್ಪಣೆ ಕೇಳುವ ರೂಢಿಯಂತೆ "ದಾರಿ ಕೊಡಿ" ಎಂದರು.

"ಅರ್ಧ ದಾರಿ ಕೊಟ್ಟಿದೀವಿ," ಎಂದಳು ಅಂತ್ವಿವಾ. ಅರ್ಧ ಪಡೆದವರು ಮಿಕ್ಕರ್ಧಕ್ಕೆ ಮರಳಿ ಬರಲೇಬೇಕು.

ಸೋಮವಾರ ಬೆಂಚು ಬರಲಿಲ್ಲ. ಡೀನರು ಬಂದರು, ಅದೂ ತಡವಾಗಿ, ಬಲಗಡೆಯಿಂದ ಶುರುಮಾಡಿ. ಸೆರ್ವಾ ಪಾಠ ನಿಲ್ಲಿಸಿ, ತಮ್ಮ ಸರದಿಗೆ ಕೈ ಚಾಚಿ ಕಾದರು.